ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯ ಹಿತ್ತಲಲ್ಲಿ ತರಕಾರಿ ಬೆಳೆಯೋದು ಹೇಗೆ?

ನಮ್ಮ ಮನೆ ಮೈಸೂರಿನಲ್ಲಿ. ಹಿಂದೆ 20 ಅಡಿ ಉದ್ದ, 15 ಅಡಿ ಅಗಲದ ಹಿತ್ತಲಿದೆ. ಒಂದು ತೆಂಗಿನ ಮರ, ಒಂದು ಕರಿಬೇವು, ಬಟ್ಟೆ ಒಗೆಯುವ ಕಲ್ಲು, ಉಳಿದದ್ದೆಲ್ಲ ಕೆಂಪು ಮಣ್ಣು. ಮಗಳಿಗೆ 6 ವರ್ಷ, ಮಗನಿಗೆ 3. ಜೊತೆಗೆ ಕರಿಯ ಅನ್ನೋ ನಾಟಿ ನಾಯಿ, ಚುಕ್ಕಿ ಅನ್ನೋ ಬೆಕ್ಕು.

ಮೊದಲ ಸಲ ಮೆಂತ್ಯ ಬಿತ್ತಿದಾಗ ಏನಾಯ್ತು ಅಂದ್ರೆ, ಎರಡನೇ ದಿನ ಮಗ ಕಾಳು ಮೊಳಕೆ ಒಡೆದಿದೆಯಾ ಅಂತ ಒಂದೊಂದನ್ನೇ ಬಗೆದು ನೋಡಿದ. ಮೂರನೇ ದಿನ ಮಧ್ಯಾಹ್ನ ಕರಿಯ ಅದೇ ತಂಪು ಮಣ್ಣಿನಲ್ಲಿ ಗುಂಡಿ ತೋಡಿಕೊಂಡು ಮಲಗಿದ್ದ. ಉಳಿದ ಮೂಲೆಯನ್ನು ಚುಕ್ಕಿ ತನ್ನ ಕಕ್ಕಸು ಮಾಡಿಕೊಂಡಿತ್ತು. ಯಾರದ್ದೂ ತಪ್ಪಿಲ್ಲ. ಮಗುವಿಗೆ ಕುತೂಹಲ, ನಾಯಿಗೆ ಸೆಕೆ, ಬೆಕ್ಕಿಗೆ ಸಡಿಲ ಮಣ್ಣು ಬೇಕು. ಗಿಡಕ್ಕೆ ಜಾಗ ಹುಡುಕುವ ಮೊದಲು ಇವರೆಲ್ಲರಿಗೂ ಜಾಗ ಮಾಡಿಕೊಡಬೇಕು ಅಂತ ನನಗೆ ಆಗ ಗೊತ್ತಾಯಿತು. ಅಲ್ಲಿಂದ ಈಚೆಗೆ ನಮ್ಮ ಸೊಪ್ಪು, ಬೆಂಡೆ, ಟೊಮೆಟೊ ಹೆಚ್ಚುಕಡಿಮೆ ಹಿತ್ತಲಿನದ್ದೇ. ನಾವು ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ.

1. ಒಂದು ವಾರ ಸುಮ್ನೆ ನೋಡಿ

ಗುದ್ದಲಿ ಹಿಡಿಯುವ ಮೊದಲು ಒಂದು ವಾರ ಹಿತ್ತಲನ್ನು ಗಮನಿಸಿ. ಬಿಸಿಲು ಎಲ್ಲಿ ಎಷ್ಟು ಹೊತ್ತು ಇರುತ್ತದೆ ಅಂತ ಬೆಳಗ್ಗೆ, ಮಧ್ಯಾಹ್ನ, ಸಂಜೆ ನೋಡಿ. ಟೊಮೆಟೊ, ಬದನೆ, ಬೆಂಡೆಗೆ ದಿನಕ್ಕೆ 6 ಗಂಟೆ ಬಿಸಿಲು ಬೇಕು. ಸೊಪ್ಪಿಗೆ 4 ಗಂಟೆ ಸಿಕ್ಕರೂ ನಡೆಯುತ್ತದೆ. ತೆಂಗಿನ ಮರದ ಬುಡದಲ್ಲಿ ಮಡಿ ಮಾಡಬೇಡಿ. ಬಿಸಿಲು ಸಾಲದು ಅನ್ನೋದು ಒಂದು ಕಾರಣ, ಕಾಯಿ, ಗರಿ ಬೀಳುವ ಜಾಗದಲ್ಲಿ ಮಕ್ಕಳು ಕೂತು ಮಣ್ಣಾಡಬಾರದು ಅನ್ನೋದು ದೊಡ್ಡ ಕಾರಣ.

ಬಿಸಿಲಿನಷ್ಟೇ ಮುಖ್ಯವಾದದ್ದು ನಾಯಿಯ ದಾರಿ. ನಾಯಿಗಳು ದಿನಾ ಒಂದೇ ದಾರಿ ಹಿಡಿಯುತ್ತವೆ. ಬೀದಿಯಲ್ಲಿ ಗಾಡಿ ಸದ್ದಾದರೆ ಸಾಕು, ನಮ್ಮ ಕರಿಯ ಹಿಂಬಾಗಿಲಿಂದ ಎದ್ದು ಕಾಂಪೌಂಡ್ ಗೋಡೆಯನ್ನು ಸವರಿಕೊಂಡೇ ಗೇಟಿನ ತನಕ ಓಡುತ್ತಾನೆ. ಅಲ್ಲಿ ಒಂದು ಗೇಣು ಅಗಲದ ಮಣ್ಣು ತುಳಿದು ತುಳಿದು ನುಣ್ಣಗೆ ಗಟ್ಟಿಯಾಗಿತ್ತು. ಆ ಗೆರೆಯ ಮೇಲೆ ಏನು ನೆಟ್ಟರೂ ಉಳಿಯೋದಿಲ್ಲ, ಬೇಲಿ ಹಾಕಿದರೂ ಹಾರುತ್ತದೆ. ಅದಕ್ಕೇ ಗೋಡೆ ಪಕ್ಕದ 2 ಅಡಿಯನ್ನು ಅವನಿಗೇ ಬಿಟ್ಟುಕೊಟ್ಟೆವು. ಮಡಿಗಳೆಲ್ಲ ಅದರಿಂದ ಒಳಗೆ.

2. ಅಪಾಯ ಇರುವುದನ್ನೆಲ್ಲ ಮೊದಲೇ ತೆಗೆಯಿರಿ

ಇದನ್ನು ಆಮೇಲೆ ಮಾಡೋಣ ಅಂತ ಬಿಡಬೇಡಿ. ಒಂದು ಭಾನುವಾರ ಪೂರ್ತಿ ಇದಕ್ಕೇ ಇಡಿ.

ನೀರಿನಿಂದ ಶುರು ಮಾಡಿ. ಬಾಯಿ ತೆರೆದ ಡ್ರಮ್ಮು, ತೊಟ್ಟಿ, ಅರ್ಧ ತುಂಬಿದ ಬಕೆಟ್ ಚಿಕ್ಕ ಮಗುವಿಗೆ ಪ್ರಾಣಾಪಾಯ. ಬಗ್ಗಿ ನೋಡುವಾಗ ತಲೆ ಭಾರವಾಗಿ ಮುಗುಚಿದರೆ ಮಗುವಿಗೆ ತಾನಾಗಿ ಮೇಲೇಳಲು ಆಗುವುದಿಲ್ಲ, ಕೂಗು ಕೂಡ ಕೇಳಿಸದೇ ಇರಬಹುದು. ಡ್ರಮ್ಮಿಗೆ ಗಟ್ಟಿ ಮುಚ್ಚಳ ಹಾಕಿ, ಮೇಲೆ ಕಲ್ಲಿಡಿ. ಬಕೆಟ್ ಉಪಯೋಗಿಸಿದ ತಕ್ಷಣ ಬೋರಲು ಹಾಕಿ. ಹೀಗೆ ಮಾಡಿದರೆ ಡೆಂಗಿ ಸೊಳ್ಳೆ ಮೊಟ್ಟೆ ಇಡೋದೂ ತಪ್ಪುತ್ತದೆ. ಕುಂಡದ ಕೆಳಗಿನ ತಟ್ಟೆ, ಒಡೆದ ಮಡಕೆ, ತೆಂಗಿನ ಚಿಪ್ಪು, ಇವುಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ ಉಜ್ಜಿ.

ಗಿಡಗಳಲ್ಲಿ ಕಣಗಿಲೆ, ದತ್ತೂರಿ, ಹರಳು, ಗುಲಗಂಜಿ ಬಳ್ಳಿ ಇದ್ದರೆ ಬೇರು ಸಮೇತ ತೆಗೆಯಿರಿ. ಕಣಗಿಲೆಯ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಹರಳು ಬೀಜ, ಗುಲಗಂಜಿ ನೋಡಲು ಚೆಂದ, ಮಕ್ಕಳು ಬಾಯಿಗೆ ಹಾಕಿಕೊಳ್ಳೋದು ಅದಕ್ಕೇ. ಬೆಕ್ಕಿದ್ದರೆ ಲಿಲ್ಲಿ ಹೂವಿನ ಕುಂಡ ಬೇಡವೇ ಬೇಡ. ಅದರ ಪರಾಗ ಮೈಗಂಟಿ, ನೆಕ್ಕಿಕೊಂಡರೂ ಬೆಕ್ಕಿನ ಕಿಡ್ನಿ ಕೆಡುತ್ತದೆ.

ಹಳೇ ಇಟ್ಟಿಗೆ ರಾಶಿ, ಒಣ ಗರಿ, ಮುರಿದ ಹೆಂಚು ಮೂಲೆಯಲ್ಲಿದ್ದರೆ ಹಾವು, ಚೇಳು ಸೇರುತ್ತವೆ. ಬರಿಗೈ ಹಾಕದೆ, ಉದ್ದ ಕೋಲಿನಿಂದ ಅಲುಗಾಡಿಸಿ ನೋಡಿ ತೆಗೆಸಿ. ಆವತ್ತು ಮಕ್ಕಳು ಒಳಗಿರಲಿ.

3. ಜಾಗ ಹಂಚಿ

ಮಡಿಯ ಅಗಲ 3 ಅಡಿಗಿಂತ ಜಾಸ್ತಿ ಬೇಡ. ಎರಡೂ ಕಡೆಯಿಂದ ಕೈ ಚಾಚಿದರೆ ಮಗುವಿಗೆ ನಡುಮಧ್ಯ ಸಿಗಬೇಕು. ಇಲ್ಲದಿದ್ದರೆ ಮಗು ಮಡಿಯೊಳಗೆ ಕಾಲಿಟ್ಟೇ ಇಡುತ್ತದೆ. ಉದ್ದ 8 ಅಡಿ ಸಾಕು. ನಡುವೆ 2 ಅಡಿ ಓಣಿ ಬಿಡಿ, ನಾಯಿಯೂ ಮಗುವೂ ಎದುರುಬದುರಾದರೆ ಇಬ್ಬರಿಗೂ ಜಾಗವಿರಲಿ. ಮಡಿಯನ್ನು ಓಣಿಗಿಂತ ಅರ್ಧ ಅಡಿಯಿಂದ ಒಂದು ಅಡಿ ಎತ್ತರಿಸಿ ಸುತ್ತ ಇಟ್ಟಿಗೆ ಜೋಡಿಸಿದರೆ, ‘ಇಟ್ಟಿಗೆ ಒಳಗೆ ಗಿಡದ ಮನೆ, ಹೊರಗೆ ನಮ್ಮ ಮನೆ’ ಅಂತ 3 ವರ್ಷದ ಮಗುವಿಗೂ ಅರ್ಥವಾಗುತ್ತದೆ. ನಾಯಿಗೂ ಎತ್ತರದ ಅಂಚು ಬೇಗ ಅಭ್ಯಾಸವಾಗುತ್ತದೆ. ಮಳೆಗಾಲದಲ್ಲಿ ಬೇರಿನ ಬುಡದಲ್ಲಿ ನೀರೂ ನಿಲ್ಲೋದಿಲ್ಲ.

ಈಗ ನಾಯಿಯ ಜಾಗ. ಕರಿಯ ಮಡಿ ತೋಡುತ್ತಿದ್ದದ್ದು ಬರೀ ಮಧ್ಯಾಹ್ನ 12 ರಿಂದ 3 ಗಂಟೆ ಒಳಗೆ, ಅದೂ ಬೆಳಗ್ಗೆ ನಾನು ನೀರು ಹಾಕಿದ ಕಡೆ. ಒಂದು ದಿನ ಪಕ್ಕದಲ್ಲೇ ಕೂತು ನೋಡಿದೆ. ಮುಂಗಾಲಿನಿಂದ ಮೇಲಿನ ಬಿಸಿ ಮಣ್ಣನ್ನು ಕೆರೆದು ಹಿಂದೆ ತಳ್ಳಿದ, ಒಳಗಿನ ಕಪ್ಪಗಿನ ಒದ್ದೆ ಮಣ್ಣು ಕಂಡ ಮೇಲೆ ಒಂದು ಸುತ್ತು ಸುತ್ತಿ, ಹೊಟ್ಟೆಯನ್ನು ಅದಕ್ಕೇ ಒತ್ತಿ ಮಲಗಿ, ಉಸಿರು ಬಿಟ್ಟ. ಅವನಿಗೆ ಬೇಕಿದ್ದದ್ದು ತಂಪು, ಅಷ್ಟೇ. ಕರಿಬೇವಿನ ಗಿಡದ ನೆರಳಲ್ಲಿ 4 ಅಡಿ ಉದ್ದ, 3 ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೆಗೆದು ಮರಳು ತುಂಬಿದೆವು. ದಿನಾ ಬೆಳಗ್ಗೆ ಮಡಿಗೆ ನೀರು ಹಾಕುವ ಮೊದಲು ಅದಕ್ಕೆ ಒಂದು ಕೊಡ ನೀರು. ಮೊದಲ ನಾಲ್ಕು ದಿನ ಅವನಿಗಿಷ್ಟವಾದ ರೊಟ್ಟಿ ಚೂರನ್ನು ಅದರೊಳಗೆ ಹೂತಿಟ್ಟೆವು. ವಾರದಲ್ಲಿ ಅದೇ ಅವನ ಮಂಚವಾಯಿತು. ನಾಯಿ ಮಡಿ ತೋಡುತ್ತೆ ಅಂತ ಬೈಯುವವರು ದಯವಿಟ್ಟು ಇದನ್ನೊಮ್ಮೆ ಮಾಡಿ ನೋಡಿ.

ಬೆಕ್ಕಿಗೂ ದೂರದ ಮೂಲೆಯಲ್ಲಿ ಒಣ ಮರಳಿನ ಟ್ರೇ ಇಡಿ, ದಿನಾ ತೆಗೆದು ಸ್ವಚ್ಛ ಮಾಡಿ. ಗಲೀಜಾದ ಟ್ರೇಯನ್ನು ಬೆಕ್ಕು ಮುಟ್ಟುವುದಿಲ್ಲ, ನೇರ ಮಡಿಗೆ ಬರುತ್ತದೆ. ಬಿತ್ತಿದ ಮಡಿಯ ಮೇಲೆ ಕೋಳಿ ಜಾಲರಿಯನ್ನು ಹಾಸಿ, ನಾಲ್ಕು ಮೂಲೆಗೆ ಕಲ್ಲಿಡಿ. ಸಸಿ ತೂತಿನಿಂದ ಮೇಲೆ ಬರುತ್ತದೆ, ಬೆಕ್ಕಿಗೆ ಕೆರೆಯಲು ಆಗುವುದಿಲ್ಲ. ಜಾಲರಿಯ ತುದಿ ಚುಚ್ಚದಂತೆ ಕೆಳಕ್ಕೆ ಮಡಚಿ. ಬೆಕ್ಕಿನ ಮಲವನ್ನು ಮಕ್ಕಳಿಂದ ತೆಗೆಸಬೇಡಿ. ಬಸುರಿಯರು ಆ ಕೆಲಸವನ್ನು ಬೇರೆಯವರಿಗೆ ಬಿಡೋದು ಒಳ್ಳೆಯದು, ಅದರಲ್ಲಿರುವ ಒಂದು ಪರಾವಲಂಬಿ ಜೀವಿ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಕೊಡಬಹುದು.

ಬೇಲಿಗೆ ಜಾಸ್ತಿ ಖರ್ಚು ಬೇಡ. ಬಿದಿರಿನ ದಬ್ಬೆ ನೆಟ್ಟು ಹಳೇ ಸೀರೆ ಸುತ್ತಿದರೆ 2 ಅಡಿ ಎತ್ತರದ ಬೇಲಿ ಆಯಿತು. ಹೊಲಗಳಲ್ಲಿ ಹಂದಿ ಬಾರದಿರಲಿ ಅಂತ ಸೀರೆ ಕಟ್ಟುತ್ತಾರಲ್ಲ, ಅದೇ ಉಪಾಯ. ಟೊಮೆಟೊಗೆ, ಬೀನ್ಸಿಗೆ ಆಸರೆ ಕೊಡುವ ಕೋಲಿನ ತುದಿ ಮಗುವಿನ ಕಣ್ಣಿನ ಮಟ್ಟಕ್ಕೇ ಇರುತ್ತದೆ. ಪ್ರತಿ ತುದಿಗೂ ಹಳೇ ಪ್ಲಾಸ್ಟಿಕ್ ಚೆಂಡೋ, ಚಿಕ್ಕ ಬಾಟಲಿಯೋ ಸಿಕ್ಕಿಸಿ.

ಕೊನೆಗೆ ಮಕ್ಕಳ ಜಾಗ. 3 ಅಡಿ ಉದ್ದ, 3 ಅಡಿ ಅಗಲದ ಒಂದು ಪುಟ್ಟ ಮಡಿಯನ್ನು ಪೂರ್ತಿ ಅವರಿಗೇ ಕೊಡಿ. ಅಲ್ಲಿ ಬಗೆದು ನೋಡಬಹುದು, ಕೀಳಬಹುದು, ಮತ್ತೆ ನೆಡಬಹುದು. ನೀವು ಅದನ್ನು ಸರಿಮಾಡಲು ಹೋಗಬೇಡಿ. ನನ್ನ ಮಗನ ಮಡಿಯಲ್ಲಿ ಒಂದು ಸಲ ಮೂಲಂಗಿ, ರಾಗಿ, ಒಂದು ಆಟದ ಕಾರು ಎಲ್ಲ ಒಟ್ಟಿಗೇ ಇದ್ದವು. ನಮ್ಮ ಮಡಿಯ ಕಾಳು ಬಗೆಯೋದನ್ನು ಅವನು ಬಿಟ್ಟದ್ದು ತನ್ನದೇ ಮಡಿ ಸಿಕ್ಕ ಮೇಲೆ.

4. ಮಣ್ಣು ಮತ್ತು ಗೊಬ್ಬರ

ಒಂದು ಅಡಿ ಆಳ ಅಗೆದು, ಕಲ್ಲು, ಗಾಜು, ಮೊಳೆ ಆರಿಸಿ. ಕಟ್ಟಡ ಕಟ್ಟಿದ ಜಾಗದಲ್ಲಿ ಇವು ಇದ್ದೇ ಇರುತ್ತವೆ, ಜರಡಿ ಹಿಡಿದರೂ ಸರಿ. 3 ಅಡಿ, 8 ಅಡಿಯ ಮಡಿಗೆ ಎರಡು ಮಂಕರಿ ಕೊಟ್ಟಿಗೆ ಗೊಬ್ಬರ, 300 ಗ್ರಾಂ ಬೇವಿನ ಹಿಂಡಿ ಬೆರೆಸಿ, ನೀರು ಚಿಮುಕಿಸಿ ಒಂದು ವಾರ ಬಿಡಿ. ಗೊಬ್ಬರ ಪೂರ್ತಿ ಕೊಳೆತು ಪುಡಿಪುಡಿಯಾಗಿ, ಮಣ್ಣಿನ ವಾಸನೆ ಬರುತ್ತಿರಬೇಕು. ಹಸಿ ಸಗಣಿ ಬೇಡ. ಅದರಲ್ಲಿ ರೋಗಾಣು ಇರುತ್ತವೆ, ಎಳೇ ಬೇರೂ ಸುಟ್ಟುಹೋಗುತ್ತದೆ.

ಹರಳಿಂಡಿಯನ್ನು ನಾಯಿ ಇರುವ ಮನೆಗೆ ತರಲೇಬೇಡಿ. ಅದರ ವಾಸನೆಗೆ ನಾಯಿ ಬಾಯಿ ಹಾಕುತ್ತದೆ, ಹರಳಿನ ವಿಷ ಹಿಂಡಿಯಲ್ಲಿ ಉಳಿದಿರಬಹುದು, ನಾಯಿ ಸತ್ತೇಹೋಗಬಹುದು. ಮೂಳೆಪುಡಿ ಹಾಕಿದರೆ ನಾಯಿ ಇಡೀ ಮಡಿ ತೋಡುತ್ತದೆ. ಕಾಫಿ ಚರಟವೂ ನಾಯಿಯ ಬಾಯಿಗೆ ಸಿಗೋ ಹಾಗೆ ಮೇಲೆ ಚೆಲ್ಲಬೇಡಿ. ಅಡುಗೆಮನೆಯ ಸಿಪ್ಪೆಯಿಂದ ಗೊಬ್ಬರ ಮಾಡುತ್ತಿದ್ದರೆ ಮುಚ್ಚಳ ಇರುವ ಡ್ರಮ್ಮಿನಲ್ಲೇ ಮಾಡಿ. ಬೂಸಲು ಹಿಡಿದ ಅನ್ನ, ಬ್ರೆಡ್ಡು ತಿಂದ ನಾಯಿಗೆ ನಡುಕ, ಫಿಟ್ಸ್ ಬರಬಹುದು.

5. ಏನು ಬಿತ್ತಬೇಕು?

ಮಕ್ಕಳಿಗೆ ತಾಳ್ಮೆ ಕಡಿಮೆ. ಆದ್ದರಿಂದ ಮೊದಲು ಮೆಂತ್ಯ. ಡಬ್ಬಿಯಲ್ಲಿರೋ ಅಡುಗೆ ಮೆಂತ್ಯವೇ ಸಾಕು. ರಾತ್ರಿ ನೆನೆಸಿ, ಬೆಳಗ್ಗೆ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಚೆಲ್ಲಿ. ಮೂರು ನಾಲ್ಕು ದಿನಕ್ಕೆ ಮೊಳಕೆ ಬರುತ್ತದೆ. ನೆಲದ ಮಟ್ಟಕ್ಕೆ ಕಣ್ಣಿಟ್ಟು ಮಲಗಿ ನೋಡಲು ಹೇಳಿ: ಬಗ್ಗಿದ ಬಿಳಿ ಕುತ್ತಿಗೆ ಮಣ್ಣನ್ನು ಎತ್ತಿ ನಿಲ್ಲುತ್ತದೆ, ಕಾಳಿನ ಸಿಪ್ಪೆ ಎಲೆಯ ತುದಿಗೆ ಇನ್ನೂ ಅಂಟಿರುತ್ತದೆ. ‘ಅಮ್ಮಾ, ಟೋಪಿ ಹಾಕ್ಕೊಂಡು ಬಂದಿದೆ’ ಅಂತ ಮಗಳು ಕೂಗಿದ್ದು ಇದನ್ನೇ ನೋಡಿ. 25 ದಿನಕ್ಕೆ ಕಿತ್ತು ಸಾರಿಗೆ ಹಾಕಬಹುದು.

ಹರಿವೆ, ದಂಟು ಒಂದು ತಿಂಗಳು. ಬೀಜ ಸಾಸಿವೆಗಿಂತ ಸಣ್ಣದು, ಮಕ್ಕಳ ಕೈಯಿಂದ ಒಂದೇ ಕಡೆ ಸುರಿಯುತ್ತದೆ, ಅದಕ್ಕೆ ಒಂದು ಹಿಡಿ ಮರಳಿನ ಜೊತೆ ಬೆರೆಸಿ ಕೊಡಿ. ಕೊತ್ತಂಬರಿ ಕಾಳನ್ನು ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿಯೇ ಬಿತ್ತಬೇಕು, ಈ ಕೆಲಸ ಮಕ್ಕಳಿಗೆ ಬಹಳ ಇಷ್ಟ. ಹತ್ತು ದಿನದವರೆಗೆ ಏನೂ ಕಾಣದಿದ್ದರೆ ಗಾಬರಿ ಬೇಡ. ಮೂಲಂಗಿ 45 ದಿನ. ಎಳೆದಾಗ ನೆಲದಿಂದ ಬಿಳಿ ಗಡ್ಡೆ ಹೊರಗೆ ಬರುವ ಕ್ಷಣಕ್ಕಾಗಿಯೇ ಎರಡು ಸಾಲು ಹಾಕಿ.

ಆಮೇಲೆ ಬೆಂಡೆ, ಅಲಸಂದೆ, ಬೀನ್ಸ್. ಕಾಳು ದಪ್ಪ, ಚಿಕ್ಕ ಬೆರಳಿಗೆ ಸಲೀಸು. ಮಗುವಿನ ಬೆರಳಿನ ಮೊದಲ ಗೆಣ್ಣಿನಷ್ಟು ಆಳ ಸಾಕು. ಬೆಂಡೆ ಗಿಡದ ನಡುವೆ ಒಂದು ಅಡಿ ಬಿಡಿ, 45–50 ದಿನಕ್ಕೆ ಕಾಯಿ ಶುರು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ, ಅರ್ಕಾ ಕೋಮಲ್ ಬೀನ್ಸ್ ನಮ್ಮ ಹಿತ್ತಲಲ್ಲಿ ಚೆನ್ನಾಗಿ ಬಂದಿವೆ. ಬದನೆಗೆ ಬೀಜ ಹುಡುಕಬೇಡಿ, ನರ್ಸರಿಯಿಂದ ನಾಲ್ಕು ಸಸಿ ತಂದರೆ ಮನೆಗೆ ಸಾಕು. ಬಸಳೆಯ ಒಂದು ತುಂಡು ಬಳ್ಳಿ ಯಾರಾದರೂ ಕೊಟ್ಟೇ ಕೊಡುತ್ತಾರೆ.

ಅಂಗಡಿ ಪ್ಯಾಕೆಟ್ಟಿನ ಬೀಜ ಗುಲಾಬಿ, ಕೆಂಪು, ನೀಲಿ ಬಣ್ಣದಲ್ಲಿದ್ದರೆ ಅದಕ್ಕೆ ಶಿಲೀಂಧ್ರನಾಶಕ ಲೇಪಿಸಿದ್ದಾರೆ ಅಂತ ಅರ್ಥ. ನೋಡಲು ಜೀರಿಗೆ ಮಿಠಾಯಿ ಥರ ಇರುತ್ತದೆ! ಅದನ್ನು ಮಕ್ಕಳ ಕೈಗೆ ಕೊಡಬೇಡಿ. ಲೇಪನ ಇಲ್ಲದ ಬೀಜ ಕೇಳಿ ತನ್ನಿ.

ದೂರ ಇಡಬೇಕಾದವೂ ಇವೆ. ಈರುಳ್ಳಿ, ಬೆಳ್ಳುಳ್ಳಿ ನಾಯಿ ಬೆಕ್ಕು ಎರಡಕ್ಕೂ ಆಗದು, ರಕ್ತ ಕೆಡುತ್ತದೆ. ಬೆಳೆಯಲೇಬೇಕು ಅಂದರೆ ಬೇಲಿಯ ಒಳಗೆ. ಟೊಮೆಟೊ ಹಣ್ಣು ಸರಿ, ಆದರೆ ಎಲೆ, ಕಾಂಡ, ಹಸಿರು ಕಾಯಿ ನಾಯಿ ಮಕ್ಕಳ ಬಾಯಿಗೆ ಬೇಡ. ಮೆಣಸಿನ ಗಿಡವನ್ನು ಎತ್ತರದ ಕುಂಡದಲ್ಲಿಡಿ. ಮಗು ಕಾಯಿ ಹಿಸುಕಿ ಕಣ್ಣುಜ್ಜಿಕೊಂಡರೆ ಧಾರಾಳ ನೀರಿನಿಂದ ಕಣ್ಣು ತೊಳೆಯಿರಿ, ಕೈಗೆ ಎಣ್ಣೆ ಹಚ್ಚಿ ಆಮೇಲೆ ಸೋಪು. ನುಗ್ಗೆ ಮರ ಮಕ್ಕಳು ಆಡುವ ಕಡೆಯಿಂದ ದೂರವಿರಲಿ, ಅದರ ಕಾಂಡಕ್ಕೆ ಕಂಬಳಿಹುಳು ಗುಂಪುಗುಂಪಾಗಿ ಅಂಟಿಕೊಳ್ಳುತ್ತವೆ. ಮೈಗೆ ತಾಗಿದರೆ ರಾತ್ರಿಯಿಡೀ ನವೆ.

ಕಾಲದ ವಿಷಯ: ನಮ್ಮ ಕಡೆ ಜೂನ್ ಮುಂಗಾರಿಗೆ ಬೆಂಡೆ, ಅಲಸಂದೆ, ಹೀರೆ, ಕುಂಬಳ ಚೆನ್ನ. ಜೋರು ಮಳೆಗೆ ಎಳೇ ಸೊಪ್ಪು ಮಣ್ಣು ಹಿಡಿಯುತ್ತದೆ. ಇದೇ ಮೊದಲ ಸಲ ಶುರು ಮಾಡುವವರಾದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಬಹಳ ಒಳ್ಳೆಯದು.

6. ಯಾರಿಗೆ ಯಾವ ಕೆಲಸ?

3 ವರ್ಷದ ಮಗುವಿಗೆ ನೀರು ಹಾಕೋದು, ಕರಟದಲ್ಲಿ ಮಣ್ಣು ತುಂಬೋದು. ಅರ್ಧ ಲೀಟರ್ ಬಾಟಲಿಯ ಮುಚ್ಚಳಕ್ಕೆ ಕಾಸಿದ ಮೊಳೆಯಿಂದ ಐದಾರು ತೂತು ಮಾಡಿ ಕೊಡಿ. ಒಂದು ಲೀಟರ್ ಆದರೆ ಎತ್ತಲಾಗದೆ ಗಿಡದ ಮೇಲೇ ಬೀಳಿಸುತ್ತಾರೆ. 6 ವರ್ಷದವರು ಸಾಲು ಬಿತ್ತಬಹುದು, ಕಳೆ ಕೀಳಬಹುದು, ಗೋಡೆ ಕ್ಯಾಲೆಂಡರಿನಲ್ಲಿ ಬಿತ್ತಿದ ದಿನ ಬರೆಯಬಹುದು. ಕುಡುಗೋಲು, ಮಚ್ಚು, ಗುದ್ದಲಿ ಕೆಲಸ ಮುಗಿದ ಕೂಡಲೇ ಮೇಲಿನ ಅಟ್ಟಕ್ಕೆ.

ಕುಂಬಳ ಹೂ ಬಿಟ್ಟಾಗ ಮಕ್ಕಳನ್ನು ಬೆಳಗ್ಗೆ ಬೇಗ ಎಬ್ಬಿಸಿ. ಹೂವಿನ ಬುಡದಲ್ಲಿ ಗೋಲಿಯಂಥ ಪುಟ್ಟ ಕಾಯಿ ಇದ್ದರೆ ಹೆಣ್ಣು ಹೂ, ಬರೀ ತೊಟ್ಟಿದ್ದರೆ ಗಂಡು. ಗಂಡು ಹೂ ಕಿತ್ತು, ದಳ ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಸವರಿದರೆ ಜೇನು ಬರದ ದಿನವೂ ಕಾಯಿ ಕಟ್ಟುತ್ತದೆ. ಬಿಸಿಲೇರಿದರೆ ಹೂ ಮುಚ್ಚಿಕೊಳ್ಳುತ್ತದೆ. ಮಗಳು ಸವರಿದ ಹೂ ಒಂದು ಕುಂಬಳವಾಯಿತು. ಅವಳು ಅದನ್ನು ದಿನಾ ದಾರದಿಂದ ಅಳೆದು, ದಾರಕ್ಕೆ ಗಂಟು ಹಾಕಿಟ್ಟಿದ್ದಾಳೆ.

ಕೆಲಸ ಮುಗಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕು, ಉಗುರು ಕತ್ತರಿಸಿರಬೇಕು. ಹಿತ್ತಲಲ್ಲಿ ಮಕ್ಕಳ ಕಾಲಿಗೆ ಚಪ್ಪಲಿ ಇರಲಿ. ನಾಯಿ ಹೊಟ್ಟೆಯ ಹುಳು ಮಣ್ಣಿನ ಮೂಲಕ ಮಕ್ಕಳಿಗೆ ಬರುತ್ತದೆ. ಆದ್ದರಿಂದ ನಾಯಿ ಬೆಕ್ಕಿಗೆ ಪಶುವೈದ್ಯರು ಹೇಳಿದಷ್ಟು ದಿನಕ್ಕೊಮ್ಮೆ ಹುಳುವಿನ ಔಷಧಿ ಕೊಡಿಸಿ, ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ ಹಾಕಿಸಿ.

7. ಹುಳ ಬಂದರೆ

ಬರುತ್ತವೆ. ಕೀಟನಾಶಕದ ಬಾಟಲಿ ಮಾತ್ರ ಮನೆಗೆ ಬರಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅಲಸಂದೆ ಮೇಲಿನ ಕಪ್ಪು ಹೇನಿಗೆ ಜೋರಾಗಿ ನೀರು ಹಾಯಿಸಿ, ಒದ್ದೆ ಎಲೆ ಮೇಲೆ ಸೌದೆ ಬೂದಿ ಉದುರಿಸಿ. ಸಾಲದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಸಿ ಸಂಜೆ ಸಿಂಪಡಿಸಿ. ಒಣಗುವ ತನಕ ಯಾರೂ ಹತ್ತಿರ ಬರೋದು ಬೇಡ. ಬೇವು ಅಂತ ಅಸಡ್ಡೆ ಮಾಡಬೇಡಿ. ಬೇವಿನ ಎಣ್ಣೆ ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ಅಪಾಯ, ಬಾಟಲಿಗೆ ಬೀಗ ಇರಲಿ.

ಮಳೆಗಾಲದಲ್ಲಿ ದೊಡ್ಡ ಬಸವನಹುಳು ಒಂದೇ ರಾತ್ರಿಯಲ್ಲಿ ಸಸಿ ಮಡಿ ಬೋಳಿಸುತ್ತದೆ. ಅದಕ್ಕೆ ಅಂಗಡಿಯಲ್ಲಿ ಕೊಡುವ ವಿಷದ ಗುಳಿಗೆ ನಾಯಿಗೂ ವಿಷವೇ, ತಿಂಡಿ ಅಂತ ತಿಂದುಬಿಡುತ್ತದೆ. ಒದ್ದೆ ಗೋಣಿಚೀಲದ ಕೆಳಗೆ ಪಪಾಯ ಎಲೆ, ಕಾಂಡದ ತುಂಡು ಇಟ್ಟರೆ ರಾತ್ರಿ ಅಲ್ಲಿ ಬಂದು ಸೇರುತ್ತವೆ. ಬೆಳಗ್ಗೆ ಗ್ಲೌಸ್ ಹಾಕಿಕೊಂಡು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ಆ ಬಕೆಟ್ಟು ಮಕ್ಕಳಿಂದ ದೂರ ಇರಲಿ. ಮಕ್ಕಳು ಈ ಹುಳವನ್ನು ಮುಟ್ಟಬಾರದು. ಇಲಿ ಪಾಷಾಣವೂ ಹಿತ್ತಲಿಗೆ ಬೇಡ. ಸತ್ತ ಇಲಿಯನ್ನು ಬೆಕ್ಕು ತಿಂದರೆ ಅದಕ್ಕೂ ವಿಷ.

ಒಂದು ಹುಳವನ್ನು ಮಾತ್ರ ಬಿಡಿ. ಕರಿಬೇವು, ನಿಂಬೆ ಎಲೆ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಕಂಡರೆ ಅದು ನಿಂಬೆ ಚಿಟ್ಟೆಯ ಮರಿಹುಳು. ಆಮೇಲೆ ಹಸಿರಾಗುತ್ತದೆ, ಕೋಶ ಕಟ್ಟುತ್ತದೆ, ಚಿಟ್ಟೆಯಾಗಿ ಹಾರುತ್ತದೆ. ನಾಲ್ಕು ಎಲೆ ಹೋದರೆ ಹೋಗಲಿ.

ಮಗುವೋ ನಾಯಿಯೋ ಏನಾದರೂ ತಿಂದದ್ದು ಗೊತ್ತಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ತಿಂದ ಗಿಡದ ತುಂಡು ಅಥವಾ ಪ್ಯಾಕೆಟ್ ಹಿಡಿದು ತಕ್ಷಣ ಡಾಕ್ಟರ ಹತ್ತಿರ ಹೋಗಿ. ಮಗುವಾದರೆ 108ಕ್ಕೆ ಫೋನ್ ಮಾಡಿ.

8. ಕೊಯ್ಲು

ಬೆಂಡೆಯನ್ನು ಎರಡು ದಿನಕ್ಕೊಮ್ಮೆ ಕೊಯ್ಯದಿದ್ದರೆ ಬಲಿತು ನಾರಾಗುತ್ತದೆ. ಗಿಡದ ಸಣ್ಣ ಮುಳ್ಳುಕೂದಲು ಕೈಗೆ ನವೆ ತರುತ್ತದೆ, ಮಕ್ಕಳಿಗೆ ತುಂಬುತೋಳಿನ ಅಂಗಿ ಹಾಕಿ. ಹರಿವೆಯನ್ನು ಬೇರು ಸಮೇತ ಕೀಳದೆ ಮೇಲಿಂದ ಚಿವುಟಿದರೆ ಮತ್ತೆ ಚಿಗುರುತ್ತದೆ. ನಾಯಿ ಬೆಕ್ಕು ಓಡಾಡುವ ನೆಲದ ಸೊಪ್ಪನ್ನು ಮೂರು ನಾಲ್ಕು ನೀರಿನಲ್ಲಿ ತೊಳೆದು ಬೇಯಿಸಿಯೇ ತಿನ್ನಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನ ಕಟ್ಟೆ ಮೇಲಿನ ಕುಂಡದಲ್ಲಿರಲಿ.

ನಮ್ಮ ಅತ್ತೆ ಮೊದಲ ಕಟ್ಟು ಮೆಂತ್ಯವನ್ನು ಮಕ್ಕಳ ಕೈಯಲ್ಲೇ ಬಿಡಿಸಿ, ಅವರೆದುರೇ ಅಕ್ಕಿರೊಟ್ಟಿಗೆ ಕಲಸಿದರು. ಸೊಪ್ಪು ಕಂಡರೆ ತಟ್ಟೆ ದೂಡುತ್ತಿದ್ದ ಮಗ ಎರಡು ರೊಟ್ಟಿ ತಿಂದ, ಒಂದು ತುಂಡು ಕರಿಯನಿಗೂ ಬೇಕೆಂದ. ರೊಟ್ಟಿಯಲ್ಲಿ ಈರುಳ್ಳಿ ಇತ್ತು, ಅದಕ್ಕೆ ಕರಿಯನಿಗೆ ಬರೀ ಹಿಟ್ಟಿನದ್ದೊಂದು ಬೇರೆ ತಟ್ಟಿಕೊಟ್ಟರು.

ಮೆಂತ್ಯ, ಮೂಲಂಗಿ ಕಿತ್ತ ಜಾಗವನ್ನು ಖಾಲಿ ಬಿಡಬೇಡಿ, ಅವತ್ತೇ ರಾತ್ರಿ ಬೆಕ್ಕು ಬರುತ್ತದೆ. ಎರಡು ಹಿಡಿ ಗೊಬ್ಬರ ಬೆರೆಸಿ, ಜಾಲರಿ ಹಾಸಿ, ಒಂದು ವಾರ ಬಿಟ್ಟು ಅಲ್ಲಿ ಅಲಸಂದೆ ಊರಿ.